ನಿನ್ನ ಲೆಕ್ಕವೇ ನನ್ನ ಲೆಕ್ಕ

"ರೀ… ಅದು ನನ್ನ ಕುರ್ಚಿ!"

ಪಿಸುಮಾತೇ ಆದರೂ ಅದರಲ್ಲಿ ಸಿಟ್ಟು ಧಗಧಗ ಅನ್ನುತ್ತಿತ್ತು.

ಕುರ್ಚಿಯಲ್ಲಿದ್ದವನು ಅಲುಗಲಿಲ್ಲ. ತಿರುಗಿಯೂ ನೋಡಲಿಲ್ಲ. ಒಂದು ಬೆರಳನ್ನು ತುಟಿಯ ಮೇಲಿಟ್ಟು 'ಶ್…' ಎಂದ. ಇನ್ನೊಂದು ಕೈಯಲ್ಲಿದ್ದ ಎಣಿಸುವ ಪುಟ್ಟ ಕೌಂಟರ್ 'ಟಿಕ್' ಎಂದಿತು.

ನನ್ನ ಕೋಣೆಗೆ ಬಂದು, ನನ್ನ ಕುರ್ಚೀಲಿ ಕೂತು, ನನಗೇ ಶ್ ಅಂತಾನಲ್ಲ! ಎಷ್ಟು ಸೊಕ್ಕು ಇವನಿಗೆ!

ಅವಳು ಹಲ್ಲು ಕಚ್ಚಿಕೊಂಡು ಮೂಲೆಯ ಸ್ಟೂಲ್ ಎಳೆದು ಕೂತಳು. ಜಗಳ ಆಡುವಂತಿರಲಿಲ್ಲ. ಅವರಿಬ್ಬರೂ ಇದ್ದದ್ದು ದೀಪ ಆರಿಸಿದ ಚಿಕ್ಕ ಕೋಣೆಯಲ್ಲಿ. ಎದುರಿಗೆ ಗೋಡೆಯಗಲದ ಗಾಜು. ಈ ಕಡೆಯವರಿಗೆ ಆ ಕಡೆಯದೆಲ್ಲ ಕಾಣುತ್ತಿತ್ತು. ಆ ಕಡೆಯವರಿಗೆ ಅದು ಬರೀ ಕನ್ನಡಿ. ಗಾಜಿನಾಚೆ ನೀಲಿ ಚಾಪೆಯ ಮೇಲೆ ಏಳು ವರ್ಷದ ಹುಡುಗಿಯೊಬ್ಬಳು ಮರದ ತುಂಡುಗಳನ್ನು ಜೋಡಿಸುತ್ತಿದ್ದಳು. ಜೋಡಿಸಿದ್ದು ಬಿದ್ದಾಗಲೆಲ್ಲ ಮಣಿಕಟ್ಟನ್ನು ಬಾಯಿಗೆ ಒಯ್ಯುತ್ತಿದ್ದಳು.

ಟಿಕ್. ಅವಳ ಕೌಂಟರ್.

ಟಿಕ್. ಟಿಕ್. ಅವನದು.

ಸಮಯ ಮುಗಿದು ದೀಪ ಹತ್ತಿದಾಗ ಅವಳು ಎದ್ದು ನಿಂತಳು. ಅವನೂ ಎದ್ದ. ಅವಳ ತಲೆ ಅವನ ಎದೆಯ ಹತ್ತಿರಕ್ಕೂ ಬರುತ್ತಿರಲಿಲ್ಲ! ಸಿಟ್ಟು ಮಾಡಬೇಕೆಂದರೆ ಕತ್ತು ಮೇಲೆತ್ತಬೇಕು. ಅದರಿಂದ ಸಿಟ್ಟು ಇನ್ನಷ್ಟು ಹೆಚ್ಚಾಯಿತು.

"ಯಾರು ನೀವು?"

"ಎರಡನೇ ನೋಡುಗ. ಇವತ್ತಿಂದ ಸೇರಿದೀನಿ. ದೊಡ್ಡ ಮೇಡಂ ಕಳಿಸಿದ್ರು."

"ನನಗೆ ಇನ್ನೊಬ್ಬರು ಬೇಕು ಅಂತ ನಾನು ಕೇಳೇ ಇಲ್ವಲ್ಲ!"

"ನೀವು ಕೇಳಿಲ್ಲ. ಮಗುವಿಗೆ ಬೇಕಂತೆ." ಅವನು ಮೆಲ್ಲಗೆ ಕೇಳಿದ, "ನಿಮ್ಮದೆಷ್ಟು?"

"ಹನ್ನೊಂದು."

"ನನ್ನದು ಹದಿನೆಂಟು."

"ಸಾಧ್ಯಾನೇ ಇಲ್ಲ! ಈ ಮಗುನ ನಾನು ಎರಡು ವರ್ಷದಿಂದ ನೋಡ್ತಿದೀನಿ."

"ಅದಕ್ಕೇ ಇರಬೇಕು," ಎಂದ ಅವನು.

ಕೆನ್ನೆಗೆ ಹೊಡೆದಂತಾಯಿತು. ಬಾಗಿಲನ್ನು ದಢಾರನೆ ಹಾಕಿಕೊಂಡು ಹೊರಟುಬಿಟ್ಟಳು.

ಮಾತು ತಡವಾದ, ತಮ್ಮದೇ ಲೋಕದಲ್ಲಿ ಮುಳುಗಿರುವ ಮಕ್ಕಳಿಗೆ ಕಲಿಸುವ ಕೇಂದ್ರ ಅದು. ಗಿಡ್ಡಗಿದ್ದ ಅವಳನ್ನು ಅಲ್ಲಿನ ಮಕ್ಕಳು 'ಪುಟ್ಟಕ್ಕ' ಎಂದು ಕರೆಯುತ್ತಿದ್ದರು. ಕೇಳಿ ಕೇಳಿ ದೊಡ್ಡವರ ಬಾಯಲ್ಲೂ ಅದೇ ಹೆಸರು ನಿಂತಿತ್ತು. ಹೊಸದಾಗಿ ಬಂದವನಿಗೆ ಮಕ್ಕಳು ಅದೇ ವಾರ 'ಲಂಬು' ಎಂದು ಹೆಸರಿಟ್ಟರು.

ಪುಟ್ಟಕ್ಕನ ಕೆಲಸ ನೋಡುವುದು. ಬರೀ ನೋಡುವುದಲ್ಲ, ಅಳೆದು ನೋಡುವುದು. ಮಗು ಎಷ್ಟು ಸಲ ಕೈ ಕಚ್ಚಿಕೊಂಡಿತು? ಅಳು ಶುರುವಾದರೆ ಎಷ್ಟು ಹೊತ್ತು ಇತ್ತು? ಹೆಸರು ಹಿಡಿದು ಕರೆದ ಮೇಲೆ ತಿರುಗಲು ಎಷ್ಟು ತಡವಾಯಿತು? 'ಇವತ್ತು ಸ್ವಲ್ಪ ಪರವಾಗಿಲ್ಲ' ಎಂಬ ಮಾತಿಗೆ ಅಲ್ಲಿ ಬೆಲೆ ಇರಲಿಲ್ಲ. ಕಲಿಸುತ್ತಿರುವುದು ಸರಿಯೋ ತಪ್ಪೋ ಎಂದು ತೋರಿಸಲು ಆ ಅಂಕಿಗಳೇ ಬೇಕಿತ್ತು. ಆದರೆ ಅಂಕಿ ಬರೆಯುವ ಕಣ್ಣೂ ಮನುಷ್ಯರದೇ ತಾನೇ? ಅದಕ್ಕೇ ಎರಡನೇ ನೋಡುಗ. ಇಬ್ಬರೂ ಒಂದೇ ಮಗುವನ್ನು, ಒಂದೇ ಹೊತ್ತಿನಲ್ಲಿ, ಒಬ್ಬರನ್ನೊಬ್ಬರು ನೋಡದೆ ಎಣಿಸಬೇಕು. ಇಬ್ಬರ ಲೆಕ್ಕ ಕೂಡಿದರೆ ನಂಬಬಹುದು.

ಗಾಜಿನಾಚೆಯ ಹುಡುಗಿಯನ್ನು ಅವಳ ಅಮ್ಮ 'ಬುಗುರಿ' ಎನ್ನುತ್ತಿದ್ದಳು. ಖುಷಿಯಾದರೆ ನಿಂತಲ್ಲೇ ಗಿರಗಿರನೆ ತಿರುಗುವುದು ಮಗುವಿನ ಅಭ್ಯಾಸ. ಅಮ್ಮ ಊರೊಳಗಿನ ಬಸ್ಸಿನ ಡ್ರೈವರ್. ಬೆಳಗಿನ ಪಾಳಿ ಮುಗಿಸಿ, ಖಾಕಿ ಅಂಗಿಯಲ್ಲೇ ಬಂದು ಕೇಂದ್ರದ ಬೆಂಚಿನ ಮೇಲೆ ಕೂತು ನಿದ್ದೆ ಹೋಗುತ್ತಿದ್ದಳು. ಎರಡು ವರ್ಷದ ಹಿಂದೆ ಬಂದಾಗ ಬುಗುರಿಯ ಬಾಯಲ್ಲಿ ಒಂದು ಮಾತೂ ಇರಲಿಲ್ಲ. ಈಗ 'ನೀರು', 'ಸಾಕು', 'ಬಾ' ಎನ್ನುತ್ತಿದ್ದಳು. ಒಂದು ದಿನ ಇದ್ದಕ್ಕಿದ್ದಂತೆ 'ಪುಟ್ಟ…' ಎಂದಾಗ ಪುಟ್ಟಕ್ಕ ಶೌಚಾಲಯಕ್ಕೆ ಓಡಿಹೋಗಿ ಬಾಗಿಲು ಹಾಕಿಕೊಂಡು ಅತ್ತಿದ್ದಳು.

ಅಂಥ ಮಗುವನ್ನು ನಾನು ಸರಿಯಾಗಿ ನೋಡ್ತಿಲ್ಲ ಅಂತಾನಾ ಆ ಲಂಬು?

ಮರುದಿನ ಅವನೇ ಬಂದ. ಕೈಯಲ್ಲಿ ಎರಡು ಲೋಟ ಚಹಾ.

"ನಿನ್ನೆ ಹಾಗೆ ಅನ್ನಬಾರದಿತ್ತು. ಸಾರಿ. ಆದರೆ ಒಂದು ಕೇಳ್ಲಾ? 'ಕಚ್ಚೋದು' ಅಂದ್ರೆ ನಿಮ್ಮ ಪ್ರಕಾರ ಏನು?"

"ಹಲ್ಲು ಚರ್ಮಕ್ಕೆ ತಾಗೋದು."

"ತಾಗಿ ತಕ್ಷಣ ಬಿಟ್ಟರೆ?"

ಅವಳು ಚಹಾ ಲೋಟ ಕೆಳಗಿಟ್ಟಳು. "…ಅದೂ ಕಚ್ಚಿದ ಹಾಗೇ."

"ನೀವು ಅದನ್ನ ಎಣಿಸ್ತಿಲ್ಲ."

ಮೂರು ದಿನ ಅದೇ ಮಾತಿಗೆ ಕಿತ್ತಾಡಿದರು. ಕೊನೆಗೆ ಪುಟ್ಟಕ್ಕನೇ ಸೋತಳು. ವಿಚಿತ್ರವೆಂದರೆ, ಆ ಸೋಲು ಅವಳಿಗೆ ಕಹಿಯೆನಿಸಲಿಲ್ಲ. ಬುಗುರಿಯನ್ನು ತನ್ನಷ್ಟೇ ಆಸೆಯಿಂದ ನೋಡುವ ಇನ್ನೊಂದು ಜೀವ ಪಕ್ಕದಲ್ಲಿ ಕೂತಿದೆ… ಅದೇ ಒಂದು ಧೈರ್ಯ.

ಚಹಾ ಅಭ್ಯಾಸವಾಯಿತು. ಕೆಲಸ ಮುಗಿದ ಮೇಲೆ ಕೇಂದ್ರದ ಮೆಟ್ಟಿಲ ಮೇಲೆ ಕೂರುವುದೂ ಅಭ್ಯಾಸವಾಯಿತು. ಅವನು ಮಕ್ಕಳ ನಡಿಗೆಯನ್ನೆಲ್ಲ ನಟಿಸಿ ತೋರಿಸುತ್ತಿದ್ದ. ಕೇಂದ್ರ ನಡೆಸುವ ದೊಡ್ಡ ಮೇಡಂ ಕನ್ನಡಕ ಹುಡುಕುವುದನ್ನೂ ಬಿಡುತ್ತಿರಲಿಲ್ಲ. ಅವಳು ಹೊಟ್ಟೆ ಹಿಡಿದು ನಗುತ್ತಿದ್ದಳು.

ಒಂದು ಸಂಜೆ ಕೇಳಿಯೇಬಿಟ್ಟಳು.

"ಇಡೀ ಕೇಂದ್ರ ನನ್ನ ಪುಟ್ಟಕ್ಕ ಅನ್ನುತ್ತೆ. ನೀವು ಮಾತ್ರ 'ರೀ', 'ಇಲ್ನೋಡಿ'. ಯಾಕೆ?"

ಅವನು ಲೋಟದ ತಳವನ್ನೇ ನೋಡುತ್ತ ಕೂತ. ಕಿವಿ ಕೆಂಪಾಗಿತ್ತು.

"ಯಾರನ್ನ ಬೇಕಾದ್ರೂ ಅಕ್ಕ ಅಂತೀನಿ… ನಿಮ್ಮನ್ನ ಮಾತ್ರ ಆಗಲ್ಲ."

ಅರ್ಥವಾಗಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. "ಲೋಟ ಕೊಡಿ, ತೊಳೀತೀನಿ" ಎಂದು ಕಿತ್ತುಕೊಂಡು ಒಳಗೆ ಓಡಿದಳು.

ಅಂದಿನಿಂದ ಗಾಜಿನ ಕೋಣೆಯ ಕತ್ತಲು ಬೇರೆಯೇ ಆಯಿತು. ಸ್ಟೂಲು, ಕುರ್ಚಿ ಹತ್ತಿರ ಹತ್ತಿರ ಬಂದವು. ಅವಳ ಕೌಂಟರ್ ಟಿಕ್ ಎಂದರೆ ಅವನದೂ ಟಿಕ್ ಎನ್ನುತ್ತಿತ್ತು. ಇಬ್ಬರ ಲೆಕ್ಕವೂ ದಿನೇದಿನೇ ಇಳಿಯುತ್ತಿತ್ತು. ಹನ್ನೆರಡು. ಎಂಟು. ನಾಲ್ಕು!

"ನೋಡಿದ್ರಾ? ಒಂದೂ ಹೆಚ್ಚುಕಮ್ಮಿ ಇಲ್ಲ!" ಎಂದು ಅವಳು ಚಪ್ಪಾಳೆ ತಟ್ಟುತ್ತಿದ್ದಳು. ಅವನು ಸುಮ್ಮನೆ ನಗುತ್ತಿದ್ದ.

ಇಬ್ಬರೂ ಒಂದೇ ಕಣ್ಣಲ್ಲಿ ನೋಡ್ತಿದೀವಿ… ಪ್ರೀತಿ ಅಂದ್ರೆ ಇದೇ ಇರಬೇಕು!

ಹೊಸ ತರಗತಿಗಳು ಶುರುವಾಗುವ ಕಾಲ ಬಂತು. ಮಾಮೂಲಿ ಶಾಲೆಯೊಂದು ಬುಗುರಿಯನ್ನು ಸೇರಿಸಿಕೊಳ್ಳಲು ಒಪ್ಪಿತ್ತು, ಕಚ್ಚಿಕೊಳ್ಳುವುದು ತೀರಾ ಕಮ್ಮಿಯಾಗಿದೆ ಎಂದು ಕೇಂದ್ರ ಹೇಳಿದರೆ ಮಾತ್ರ. ದೊಡ್ಡ ಮೇಡಂ ತೀರ್ಮಾನ ಹೇಳುವ ಹಿಂದಿನ ಸಂಜೆ ಅವನು ಮೆಟ್ಟಿಲ ಮೇಲೆ ಅವಳನ್ನು ತಡೆದ.

"ನಿಮಗೊಂದು ಮಾತು ಹೇಳಬೇಕು."

ಬಂತು… ಆ ಮಾತು ಬಂದೇ ಬಂತು!

"ಇವತ್ತು ಬೇಡ," ಅವಳು ನಾಚಿ ನಕ್ಕಳು. "ನಾಳೆ ಬುಗುರಿ ವಿಷಯ ಮುಗೀಲಿ. ಒಂದೇ ದಿನ ಎರಡು ಖುಷಿ ತಡ್ಕೊಳ್ಳೋಕೆ ಆಗಲ್ಲ ನನ್ನ ಕೈಲಿ."

ಅವನು ಅವಳ ಮುಖವನ್ನೇ ನೋಡಿದ. "ಅಷ್ಟು ಸಂತೋಷ ಆಗಿದೆಯಾ?"

"ಜೀವನದಲ್ಲಿ ಇಷ್ಟು ಸಂತೋಷ ಎಂದೂ ಆಗಿಲ್ಲ."

ಅವನ ತುಟಿ ಏನೋ ಹೇಳಲು ಅಲುಗಿತು. ಹೇಳಲಿಲ್ಲ. ತಲೆಯಾಡಿಸಿ ಮೆಟ್ಟಿಲಿಳಿದು ಹೋದ.

ಇಬ್ಬರ ಲೆಕ್ಕ ನಂಬಿ ದೊಡ್ಡ ಮೇಡಂ ಒಪ್ಪಿದರು, ಬುಗುರಿ ಶಾಲೆಗೆ ಹೋದಳು. ನಲವತ್ತು ಮಕ್ಕಳ ಗದ್ದಲ, ಗಂಟೆಯ ಕರ್ಕಶ ಸದ್ದು, ಗುರುತಿಲ್ಲದ ಮುಖಗಳು. ಆ ಮಾತು ಏನೆಂದು ಪುಟ್ಟಕ್ಕ ಕೇಳಿದಾಗೆಲ್ಲ ಅವನು 'ಆಮೇಲೆ' ಎಂದು ಜಾರಿಕೊಳ್ಳುತ್ತಿದ್ದ. ಕೆಲವೇ ವಾರ ಕಳೆದಿತ್ತು. ಒಂದು ಮಧ್ಯಾಹ್ನ ಕೇಂದ್ರಕ್ಕೆ ಅವಳ ಅಮ್ಮನ ಫೋನ್ ಬಂತು.

"ಮೇಡಂ… ಆಸ್ಪತ್ರೇಲಿದೀವಿ… ಕೈಯನ್ನ ಹೇಗೆ ಕಚ್ಕೊಂಡಿದಾಳೆ ಅಂದ್ರೆ…" ಮುಂದೆ ಬರೀ ಅಳು.

ಗಾಯ ಆಳವಾಗಿತ್ತು. ಕೀವು ತುಂಬಿ ಜ್ವರ ಏರಿತು. ಹೊಲಿಗೆ ಹಾಕಿ, ಬಿಚ್ಚಿ, ಮತ್ತೆ ಹಾಕಿದರು. ಮನೆಗೆ ಬಂದಾಗ ಬುಗುರಿಯ ಬಾಯಲ್ಲಿ 'ನೀರೂ' ಇರಲಿಲ್ಲ, 'ಸಾಕೂ' ಇರಲಿಲ್ಲ. ಎರಡು ವರ್ಷ ಒಂದೊಂದಾಗಿ ಕೂಡಿಸಿದ ಮಾತೆಲ್ಲ ಹೋಗಿಬಿಟ್ಟಿತ್ತು.

ದೊಡ್ಡ ಮೇಡಂ ಎಲ್ಲರನ್ನೂ ಕೋಣೆಗೆ ಕರೆದರು. ಬುಗುರಿ ಶಾಲೆಗೆ ಹೋಗುವ ಮುಂಚಿನ ವಾರ ಕೇಂದ್ರದ ಕ್ಯಾಮೆರಾ ಹಿಡಿದಿಟ್ಟಿದ್ದ ವಿಡಿಯೋ ಅವರ ಮುಂದಿತ್ತು.

"ನೀವಿಬ್ಬರೂ ನಾಲ್ಕು ಅಂದ ದಿನದ್ದು ಇದು. ನಾನು ನೋಡಿದೆ. ಹದಿಮೂರಿದೆ. ಒಬ್ಬರ ಕಣ್ಣು ತಪ್ಪಬಹುದು. ಇಬ್ಬರದೂ ಹೇಗಮ್ಮ ತಪ್ಪುತ್ತೆ?"

ಪುಟ್ಟಕ್ಕ ವಿಡಿಯೋದತ್ತ ಬಾಗಿದಳು. ಹದಿಮೂರಾ?

ಅವನು ಎದ್ದು ನಿಂತ.

"ತಪ್ಪು ನನ್ನದು ಮೇಡಂ. ನಾನು ಮಗುನ ನೋಡಿ ಎಣಿಸಲಿಲ್ಲ. ಇವರು ಕೌಂಟರ್ ಒತ್ತಿದಾಗ ನಾನೂ ಒತ್ತಿದೆ."

ಎಲ್ಲರ ಕಣ್ಣೂ ಅವನ ಮೇಲೆ. ಪುಟ್ಟಕ್ಕ ಒಂದೇ ಒಂದು ಮಾತು ಹೇಳಬಹುದಿತ್ತು. 'ಮೊದಲು ತಪ್ಪಿದ್ದು ನನ್ನ ಲೆಕ್ಕ' ಎನ್ನಬಹುದಿತ್ತು. ಹೇಳಲಿಲ್ಲ. ತಲೆ ತಗ್ಗಿಸಿ ತನ್ನ ಬೆರಳುಗಳನ್ನೇ ನೋಡುತ್ತ ಕೂತಳು.

ಹೊರಗೆ ಬಂದ ಮೇಲೆ ಮಾತ್ರ ಬಾಯಿ ಬಂತು.

"ಸೋಮಾರಿತನಾನಾ? ನನ್ನ ಹಿಂದೆ ಒತ್ತಿಬಿಟ್ಟರೆ ಕೆಲಸ ಸುಲಭ ಅಂತಾನಾ? ಚಹಾ, ನಗು, ಆ ಅಕ್ಕ ಅನ್ನಲ್ಲ ಅನ್ನೋ ಮಾತು… ಎಲ್ಲಾ ಅದಕ್ಕೇನಾ? ನಿಮ್ಮನ್ನ ನಂಬಿ ಮಗುನ ಕಳಿಸಿದೆ ನಾನು!"

ಅವನು ಬ್ಯಾಗು ಹೆಗಲಿಗೇರಿಸಿಕೊಂಡ.

"ಅವಳನ್ನ ಚೆನ್ನಾಗಿ ನೋಡ್ಕೊಳ್ಳಿ," ಎಂದಷ್ಟೇ ಹೇಳಿದ. ಮರುದಿನದಿಂದ ಅವನು ಕೇಂದ್ರಕ್ಕೆ ಬರಲಿಲ್ಲ.

ಹೋಗಲಿ! ಪೀಡೆ ತೊಲಗಿತು!

ಹಾಗೆಂದುಕೊಂಡಳು. ಆದರೆ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಸ್ವಲ್ಪ ದಿನದ ಮೇಲೆ ದೊಡ್ಡ ಮೇಡಂ ಹಳೆಯ ವಿಡಿಯೋಗಳನ್ನೆಲ್ಲ ಮತ್ತೆ ಎಣಿಸಲು ಹೇಳಿದರು. ಪುಟ್ಟಕ್ಕ ಒಬ್ಬಳೇ ಕೂತು ಶುರುಮಾಡಿದಳು. ಮೊದಲ ತಿಂಗಳದ್ದು ಸರಿಯಾಗಿತ್ತು. ಆಮೇಲಿನದರಲ್ಲಿ ಬುಗುರಿ ಮಣಿಕಟ್ಟಿಗೆ ಹಲ್ಲು ತಾಗಿಸಿದಳು, ಅವಳು ಆಗ ಎಣಿಸಿರಲಿಲ್ಲ. ಮತ್ತೆ ತಾಗಿಸಿದಳು, ಎಣಿಸಿರಲಿಲ್ಲ. ಅದರ ಮುಂದಿನ ವಾರದ್ದು ಬರೀ ತಾಗಿಸಿದ್ದೂ ಅಲ್ಲ, ಚರ್ಮ ಬೆಳ್ಳಗಾಗುವ ಹಾಗೆ ಕಚ್ಚಿದ್ದು. ಅದನ್ನೂ ಎಣಿಸಿರಲಿಲ್ಲ!

ಕಣ್ಣು ತೆರೆದೇ ಇತ್ತಲ್ಲ ನನ್ನದು… ಹಾಗಾದ್ರೆ ನಾನು ನೋಡ್ತಿದ್ದದ್ದು ಏನನ್ನ?

ಉತ್ತರ ಅವಳಿಗೆ ಗೊತ್ತಿತ್ತು. ಅವಳು ನೋಡುತ್ತಿದ್ದದ್ದು ಶಾಲೆಯ ಬಟ್ಟೆ ಹಾಕಿಕೊಂಡ ಬುಗುರಿಯನ್ನು. ಆಗಬೇಕೆಂದು ಆಸೆಪಟ್ಟದ್ದನ್ನು. ಅವನು ಎಣಿಸಿದ್ದರೆ ಹದಿಮೂರೇ ಬರುತ್ತಿತ್ತು. ಅವನು ಒತ್ತಿದ್ದು ಅವಳ ತಪ್ಪು ಲೆಕ್ಕವನ್ನು. ಆ ಲೆಕ್ಕ ಹುಟ್ಟಿದ್ದು ಅವಳ ಬೆರಳಲ್ಲೇ. ಅಂದು ಮೆಟ್ಟಿಲ ಮೇಲೆ ಅವನು ಹೇಳಬೇಕೆಂದಿದ್ದ ಮಾತು ಪ್ರೀತಿಯದಾಗಿರಲಿಲ್ಲ. ಇದೇ ಆಗಿತ್ತು. 'ಇವತ್ತು ಬೇಡ' ಎಂದವಳು ತಾನೇ!

ಟೇಬಲ್ಲಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಮೊದಲು ದೊಡ್ಡ ಮೇಡಂಗೆ ಹೇಳಿದಳು. ಅವರು ಕನ್ನಡಕ ತೆಗೆದಿಟ್ಟು, "ಇದನ್ನ ಅವತ್ತೇ ಹೇಳಿದ್ರೆ ಆ ಹುಡುಗ ಒಬ್ಬನೇ ಹೊತ್ಕೊಂಡು ಹೋಗ್ತಿರಲಿಲ್ಲ," ಎಂದರು. ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇರಲಿಲ್ಲ.

ಆಮೇಲೆ ಬಸ್ ಡಿಪೋಗೆ ಹೋದಳು. ಬುಗುರಿಯ ಅಮ್ಮ ಬಸ್ಸಿನ ಗಾಜು ಒರೆಸುತ್ತಿದ್ದಳು. ಪುಟ್ಟಕ್ಕ ಎಲ್ಲವನ್ನೂ ಹೇಳಿದಳು. ಆ ತಾಯಿಯ ಕೈ ನಿಲ್ಲಲಿಲ್ಲ. ಒರೆಸಿದ್ದನ್ನೇ ಒರೆಸುತ್ತಿದ್ದಳು.

"ನಾನೂ ನೋಡಿದ್ದೆ ಮೇಡಂ," ಎಂದಳು ಕೊನೆಗೆ. "ಮನೇಲಿ ಕಚ್ಕೋತಾನೇ ಇದ್ದಳು. ನೀವು ಕಮ್ಮಿ ಆಗಿದೆ ಅಂದ್ರಿ. ಓದಿರೋರು ಹೇಳ್ತಿದಾರೆ, ಇಬ್ಬಿಬ್ಬರು ಹೇಳ್ತಿದಾರೆ… ನನ್ನ ಕಣ್ಣೇ ಸುಳ್ಳು ಹೇಳ್ತಿರಬೇಕು ಅಂದ್ಕೊಂಡೆ."

ಪುಟ್ಟಕ್ಕ ಕೈ ಜೋಡಿಸಿದಳು. "ಕ್ಷಮಿಸಿ ಅಂತ ಕೇಳೋಕೂ ನನಗೆ ಮುಖ ಇಲ್ಲ…"

"ಕೇಳಬೇಡಿ. ಕೇಳಿದ್ರೆ ಈಗ ಕೊಡೋಕೆ ನನ್ನ ಹತ್ರ ಇಲ್ಲ." ತಾಯಿ ಬಟ್ಟೆ ಹಿಂಡಿದಳು. "ನಾಳೆಯಿಂದ ಮತ್ತೆ ಕರ್ಕೊಂಡು ಬರ್ತೀನಿ. ಮನೇಲಿ ನಾನು ಕಂಡದ್ದನ್ನೂ ಹೇಳ್ತೀನಿ. ಕೇಳಿಸ್ಕೋತೀರಾ?"

"ಕೇಳಿಸ್ಕೋತೀನಿ."

ಹಾಗೆ ಮೊದಲಿನಿಂದ ಶುರುವಾಯಿತು. ಈ ಸಲ ಪುಟ್ಟಕ್ಕ ಕಚ್ಚುವುದನ್ನು ಮಾತ್ರ ಎಣಿಸಲಿಲ್ಲ. ಬುಗುರಿ ಎಷ್ಟು ಹೊತ್ತು ನೆಮ್ಮದಿಯಾಗಿ ಕೂತಳು, ಯಾವ ಸದ್ದಿಗೆ ಬೆಚ್ಚಿದಳು ಎಂಬುದನ್ನೂ ನೋಡಿದಳು. ಚಳಿಗಾಲ ಹೋಗಿ ಬಿಸಿಲು ಬಂತು. ಮಾತು ಬರಲಿಲ್ಲ. ಎಷ್ಟೋ ದಿನ ಕಳೆದ ಮೇಲೆ ಒಂದು ಬೆಳಗ್ಗೆ 'ನೀರು' ಎಂದಳು. ಚಾಪೆಯಾಚೆ ಕೂತಿದ್ದ ತಾಯಿ ಮುಖಕ್ಕೆ ಟೋಪಿ ಮುಚ್ಚಿಕೊಂಡಳು. ಹೊರಡುವಾಗ ಅವಳೇ ಕೇಳಿದಳು.

"ಆ ಉದ್ದ ಸಾರ್ ಎಲ್ಲಿದಾರೆ ಗೊತ್ತಾ? ಆಸ್ಪತ್ರೆಗೆ ದಿನಾ ಬರ್ತಿದ್ರು. ಒಳಗೆ ಬರ್ತಿರಲಿಲ್ಲ. ವರಾಂಡದಲ್ಲಿ ನಿಂತು ಜ್ವರ ಎಷ್ಟಿದೆ ಅಂತ ಕೇಳ್ಕೊಂಡು ಹೋಗ್ತಿದ್ರು."

ಪುಟ್ಟಕ್ಕನಿಗೆ ಇನ್ನು ತಡೆಯಲಾಗಲಿಲ್ಲ. ದೊಡ್ಡ ಮೇಡಂ ಹತ್ತಿರ ವಿಳಾಸ ಪಡೆದು, ಭಾನುವಾರ ಬೆಳಗಿನ ರೈಲು ಹಿಡಿದಳು.

ಅವನು ಈಗ ಕೆಲಸಕ್ಕಿದ್ದದ್ದು ಪಾರ್ಶ್ವವಾಯು ಆದವರಿಗೆ ಮತ್ತೆ ನಡೆಯಲು ಕಲಿಸುವ ಆಸ್ಪತ್ರೆಯಲ್ಲಿ. ಉದ್ದನೆಯ ವರಾಂಡ, ಗೋಡೆಯುದ್ದಕ್ಕೂ ಹಿಡಿಯುವ ಕಂಬಿ. ಅಲ್ಲಿ ಅವನಿದ್ದ. ಇನ್ನಷ್ಟು ಸಣ್ಣಗಾಗಿದ್ದ, ಅದಕ್ಕೇ ಇನ್ನಷ್ಟು ಉದ್ದ ಕಾಣುತ್ತಿದ್ದ. ಪಕ್ಕದಲ್ಲಿ ಒಬ್ಬ ಅಜ್ಜ ಕಂಬಿ ಹಿಡಿದು ಹೆಜ್ಜೆ ಎತ್ತಲು ತಿಣುಕುತ್ತಿದ್ದರು.

ಅವನು ತಲೆಯೆತ್ತಿದ. ನೋಡಿದ. ನಿಂತುಬಿಟ್ಟ.

"ಏನಪ್ಪಾ, ಕಾಲು ನನ್ನದು ಹೋಗಿರೋದು, ನೀನ್ಯಾಕೆ ನಿಂತೆ?" ಎಂದರು ಅಜ್ಜ. ಅವನು ನೋಡುತ್ತಿದ್ದ ಕಡೆ ನೋಡಿ, "ಓಹೋ… ಕುರ್ಚಿ ಕೊಡು ನನಗೆ. ಕೂತ್ಕೋತೀನಿ. ಅವಸರ ಇಲ್ಲ," ಎಂದು ಕೂತು, ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು.

"ಬುಗುರಿ ಕೈ ಹೇಗಿದೆ?" ಅವನ ಮೊದಲ ಮಾತು ಅದು.

"ಗುರುತು ಹೋಗಲ್ಲವಂತೆ. ಬೆರಳು ಪೂರ್ತಿ ಮಡಚೋಕೆ ಆಗಲ್ಲ." ಅವಳು ತನ್ನ ಬೆರಳನ್ನು ಅರ್ಧ ಮಡಚಿ ತೋರಿಸಿದಳು. "ಒಂದು ಮಾತು ವಾಪಸ್ ಬಂದಿದೆ."

ಅವನು ಕಣ್ಣು ಮುಚ್ಚಿ ತೆರೆದ.

"ನಾನು ವಿಡಿಯೋ ಎಲ್ಲಾ ನೋಡಿದೆ," ಎಂದಳು. "ತಪ್ಪಿದ್ದು ನನ್ನ ಲೆಕ್ಕ. ಅವತ್ತು ಮೀಟಿಂಗಲ್ಲಿ ಬಾಯಿ ಬಿಡದೆ ಕೂತೆ. ನಿಮ್ಮನ್ನ ಒಬ್ಬರನ್ನೇ ಬಿಟ್ಟುಬಿಟ್ಟೆ. ಹೊರಗೆ ಬಂದು ನಿಮ್ಮ ಮೇಲೇ ಕೂಗಾಡಿದೆ. ಎಲ್ಲರಿಗೂ ಹೇಳಿದೀನಿ ಈಗ. ನಿಮಗೆ ಹೇಳೋದು ಬಾಕಿ ಇತ್ತು."

"ನೀವು ನೋಡಲಾರದೆ ತಪ್ಪಿದ್ರಿ," ಎಂದ ಅವನು. "ನಾನು ಗೊತ್ತಿದ್ದೂ ಸುಳ್ಳು ಬರೆದೆ. ಒಂದು ದಿನ ನನ್ನದು ಹೆಚ್ಚು ಬಂದಿತ್ತು, ನೆನಪಿದೆಯಾ? ನಿಮ್ಮ ಮುಖ ಬಾಡಿಹೋಯ್ತು. ಊಟಾನೂ ಮಾಡಲಿಲ್ಲ ಅವತ್ತು. ಮರುದಿನದಿಂದ ನನಗೆ… ಮಗು ಕಾಣ್ತಿರಲಿಲ್ಲ. ಬರೀ ನಿಮ್ಮ ಮುಖ ಕಾಣ್ತಿತ್ತು. ನಿಮ್ಮನ್ನ ನಗಿಸೋಕೆ ಅಂತ ಆ ಮಗು ಕೈ ಬಲಿ ಕೊಟ್ಟೆ."

"ಕೊಟ್ವಿ," ಎಂದಳು. "ಇಬ್ಬರೂ."

ಕಣ್ಣೀರು ಅವಳ ಗಲ್ಲದಿಂದ ಇಳಿಯುತ್ತಿತ್ತು. ಒರೆಸಲು ಅವನ ಕೈ ಏಳುತ್ತಿತ್ತು, ಅರ್ಧಕ್ಕೇ ನಿಲ್ಲುತ್ತಿತ್ತು.

"ಅದನ್ನ ಸರಿ ಮಾಡೋಕಾಗಲ್ಲ ನಮ್ಮಿಂದ," ಅವಳೇ ಹೇಳಿದಳು. "ಜೀವನ ಪೂರ್ತಿ ಹೊತ್ಕೊಂಡಿರಬೇಕು. ಒಬ್ಬಳೇ ಹೊರೋಕೆ ಪ್ರಯತ್ನ ಪಟ್ಟೆ… ಆಗ್ತಿಲ್ಲ."

"ನನಗೂ."

"ಹಾಗಾದ್ರೆ ಒಂದು ಮಾತು ಕೊಡಿ. ನನ್ನ ಮನಸ್ಸು ನೋಯುತ್ತೆ ಅಂತ ಇನ್ಯಾವತ್ತೂ ನನ್ನ ಮಾತಿಗೆ ಹೂಂ ಅನ್ನಬಾರದು."

"ಜಗಳ ಆಗುತ್ತೆ."

"ಆಗಲಿ."

"ನಿಮಗೆ ಸಿಟ್ಟು ಬರುತ್ತೆ. ಬಾಗಿಲು ದಢಾರ್ ಅನ್ನಿಸ್ತೀರ."

"ಅನ್ನಿಸ್ತೀನಿ. ಆದರೂ ಹೇಳಬೇಕು."

ಅವನ ಒದ್ದೆ ಕಣ್ಣಲ್ಲಿ ನಗುವಿನ ಒಂದು ಎಳೆ ಕಾಣಿಸಿತು. "ದಿನಾ ಜಗಳ ಆಗುತ್ತೆ ರೀ."

ಅವಳು ಕತ್ತೆತ್ತಿ ಅವನನ್ನೇ ನೋಡಿದಳು.

"ದಿನಾ ಇರ್ತೀರಾ?"

ಅರ್ಧಕ್ಕೆ ನಿಂತಿದ್ದ ಅವನ ಕೈ ಈ ಸಲ ಅವಳ ಕೆನ್ನೆಯವರೆಗೂ ಬಂತು.

"ಇರ್ತೀನಿ."